ಮೇಲಿನ ಫ್ಲಾಟಿನ ಸ್ಕೀ ಓಟಗಾರ್ತಿ

ಬಂಗುಡೆ ಮೀನು ತೊಳೆಯುತ್ತಿದ್ದಾಗ ಗಂಡನ ಫೋನು ಬಂತು. "ಮಾರಾಯ್ತಿ, ಮೇಲಿನ ಫ್ಲಾಟಿನವಳು ರೇಸಿನಲ್ಲಿ ಬಿದ್ದಳಂತೆ. ಅವಳ ಗಂಡ ಈಗ ಏರ್‌ಪೋರ್ಟಿಗೆ ಓಡಿದ." ನಾನು ನಲ್ಲಿ ನಿಲ್ಲಿಸಿದೆ.

ಹಿಮದ ಬೆಟ್ಟದಿಂದ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಧುಮುಕುವುದೇ ಅವಳ ಉದ್ಯೋಗ. ಅವಳ ಗಂಡನಿಗೆ ಇಲ್ಲೇ, ಈ ಕೊಲ್ಲಿ ದೇಶದ ಜುಫೈರಿನ ಹೋಟೆಲಿನಲ್ಲಿ ಕೆಲಸ. ರೇಸಿಲ್ಲದ ತಿಂಗಳುಗಳಲ್ಲಿ ಬಂದಿರುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕರೆ, "ಅಕ್ಕಾ, ಇನ್ನೊಂದೇ ಸೀಸನ್" ಎನ್ನುವಳು. ಪ್ರತಿ ವರ್ಷವೂ ಅದೇ ಮಾತು.

ಒಮ್ಮೆ ಬಟ್ಟೆ ಒಣಗಿಸಲು ಟೆರೇಸಿಗೆ ಹೋದರೆ, ಅವಳು ಕಣ್ಣು ಮುಚ್ಚಿ, ಮಂಡಿ ಬಗ್ಗಿಸಿ, ಅತ್ತಿತ್ತ ವಾಲುತ್ತ ಕಂಪಿಸುತ್ತಿದ್ದಳು. ಊರಿನಲ್ಲಿ ದೈವ ಮೈಮೇಲೆ ಬರುವ ದರ್ಶನ ನೋಡಿ ಬೆಳೆದವಳು ನಾನು. ಬಕೆಟ್ ಕೆಳಗಿಟ್ಟು ಕೈಮುಗಿದು ನಿಂತುಬಿಟ್ಟೆ. ಕಣ್ಣು ತೆರೆದವಳು ಬಿದ್ದು ಬಿದ್ದು ನಕ್ಕಳು. ರೇಸಿನ ಒಂದೊಂದು ತಿರುವನ್ನೂ ಮನಸ್ಸಿನಲ್ಲೇ ಇಳಿಯುತ್ತಿದ್ದಳಂತೆ.

"ಜೀವ ಉಂಟಲ್ಲ?" ಎಂದು ಫೋನಿನಲ್ಲಿ ಗಂಡನನ್ನು ಕೇಳಿದೆ.

"ಉಂಟು. ಕಾಲೆರಡೂ ಮುರಿದಿದೆ, ಇನ್ನು ರೇಸಿಲ್ಲ. ಎಚ್ಚರ ಬಂದ ಕೂಡ್ಲೆ ಕೇಳಿದ್ದೆಂತ ಗೊತ್ತುಂಟಾ? ಬೀಳುವವರೆಗೆ ನಾನೇ ಮುಂದಿದ್ದೆನಾ ಅಂತ!"

ನಾನು ದಂಗಾದೆ. 'ದೇವರೇ, ಜೀವ ಉಳಿಸಿದೆಯಲ್ಲ, ಅಷ್ಟು ಸಾಕು' ಎಂದುಕೊಂಡೆ. ಅವಳಿಗೆ ಮಾತ್ರ ಅಷ್ಟು ಸಾಕಾಗಿರಲಿಲ್ಲ. ಫೋನಿಟ್ಟು, ಕೈ ತೊಳೆದು ಅನ್ನಕ್ಕಿಟ್ಟೆ.