ಗಾಲಿಯ ಮೇಲಿಟ್ಟ ಪೆಟ್ಟಿಗೆ

೧೯೬೪ರ ಬೇಸಿಗೆಯಲ್ಲಿ ನಾನು ವಾಯುಸೇನೆಯ ಸರಕು ವಿಮಾನವೊಂದರಲ್ಲಿ ಲೋಡ್‌ಮಾಸ್ಟರ್ ಆಗಿದ್ದೆ. ಯಾವ ಭಾರ ಎಲ್ಲಿ ಕೂರಬೇಕೆಂದು ನೋಡಿ, ಹಗ್ಗ ಬಿಗಿದು ಕಟ್ಟುವುದು ನನ್ನ ಕೆಲಸ. ಊರು ತಿಕೋಟಾ. ಸ್ವಭಾವ ಹುಟ್ಟಿನಿಂದಲೂ ಸಂಶಯದ್ದು. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಯಾರೋ ಕದ್ದಿರಬೇಕು ಎನ್ನುವವ ನಾನು.

ನಮ್ಮದು ಎರಡು ಎಂಜಿನ್ನಿನ, ಎರಡು ಬಾಲದ ಹಳೆಯ ‘ಪ್ಯಾಕೆಟ್’. ಅದಕ್ಕೂ ಮೊದಲಿನ ಸರಕು ವಿಮಾನಗಳು ಬಹುಮಟ್ಟಿಗೆ ಪ್ರಯಾಣಿಕರ ವಿಮಾನಗಳೇ. ಬಾಲ ನೆಲಕ್ಕೂರಿ ಕೂರುತ್ತಿದ್ದವು, ಪಕ್ಕದ ಬಾಗಿಲಿಂದ ಇಳಿಜಾರು ನೆಲದ ಮೇಲೆ ಸಾಮಾನು ಏರಿಸಬೇಕಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಎಂಜಿನಿಯರುಗಳು ಮೊದಲು ಸರಕಿನ ಡಬ್ಬಿ ಬರೆದುಕೊಂಡು, ಆಮೇಲೆ ಅದಕ್ಕೆ ರೆಕ್ಕೆ ಹಚ್ಚಿದರು. ಬಾಲವನ್ನು ಎರಡು ತೊಲೆಗಳ ತುದಿಗೆ ಎತ್ತಿಟ್ಟದ್ದರಿಂದ, ಹಿಂದಿನ ಕದ ತೆರೆದರೆ ಲಾರಿ ನೇರ ಬಾಗಿಲಿಗೇ ಬರುತ್ತಿತ್ತು. ಹೇರಲು ಬಲು ಸುಲಭ, ಹಾರಿಸಲು ಬಲು ಕಿರಿಕಿರಿ. ಭಾರ ಹಿಂದೆ ಸರಿದರೆ ಮೂಗು ಮೇಲೇಳುತ್ತಿತ್ತು. ಪೈಲಟ್ ಕಂಟ್ರೋಲನ್ನು ಮುಂದಕ್ಕೆ ದೂಡುತ್ತಲೇ ಇರಬೇಕು. ಒಂದು ಎಂಜಿನ್ ಸೋತರಂತೂ ದೇವರೇ ಗತಿ.

ಆ ದಿನ ಎರಡೂ ಆದವು. ಬಲ ಎಂಜಿನ್ ಬಿಸಿಯೇರಿ ನಿಂತಿತು, ಮೂಗು ಬೆದರಿದ ಕುದುರೆಯಂತೆ ಎದ್ದಿತು. ಕ್ಯಾಪ್ಟನ್ ಹೇಗೋ ತಿಕೋಟಾ–ಬಬಲೇಶ್ವರ ನಡುವಿನ ಗರಸು ಬಯಲಿಗೆ ಇಳಿಸಿದರು. ಇಳಿದವರೇ ಕೇಳಿದರು: “ಬಾಲ ಭಾರ ಇತ್ತು. ಜನರೇಟರ್ ಪೆಟ್ಟಿಗೆ ಎಲ್ಲಿಟ್ಟೆ?”

“ಕೆಂಪು ಗೆರೆಯ ಮೇಲೇ, ಸರ್. ಎಂಜಿನ್ ನಿಂತದ್ದಕ್ಕೆ ಹಾಗಾಗಿರಬೇಕು,” ಎಂದೆ. ದೊಡ್ಡ ಭಾರ ಕೂರಬೇಕಾದ ಜಾಗ ತೋರಿಸಲು ನೆಲದ ಮೇಲೆ ಎಳೆದ ಆ ಗೆರೆ ಸರಕಿನ ಚೀಲಗಳಡಿ ಮುಚ್ಚಿಹೋಗಿತ್ತು. ನಾನು ನಂಬಿಯೇ ಹೇಳಿದೆ.

ಅವರು ಫೋನ್ ಹುಡುಕಿಕೊಂಡು ಬಬಲೇಶ್ವರಕ್ಕೆ ಹೋದರು. ಚೀಲ ಇಳಿಸಲು ನಾನು ನಿಡೋಣಿಯ ಬಂಡಿಯವ ಇಮಾಮಸಾಬನನ್ನು ಹಿಡಿದೆ. ಐವತ್ತು ದಾಟಿದ ಮನುಷ್ಯ. ನಾನು ಬಾವಿಯಿಂದ ನೀರು ತರುವಷ್ಟರಲ್ಲಿ ಅವನೂ ನೋಡಲು ನೆರೆದಿದ್ದ ಏಳೆಂಟು ಜನರೂ ಸೇರಿ ಚೀಲಗಳನ್ನೆಲ್ಲ ಇಳಿಸಿದ್ದರು. ಕೆಂಪು ಗೆರೆ ಕಾಣುತ್ತಿತ್ತು. ಪೆಟ್ಟಿಗೆ ಅದಕ್ಕಿಂತ ನಾಲ್ಕು ಅಡಿ ಹಿಂದಿತ್ತು.

“ಖರೇ ಹೇಳಲೇ, ಪೆಟ್ಟಿಗಿ ಯಾಕ ಸರಿಸಿದಿ? ಒಳಗ ಏನೈತಿ ನೋಡಾಕ?” ಎಂದು ಅವನನ್ನು ಗದರಿದೆ.

“ಅಲ್ಲಾನ ಆಣಿ, ಮುಟ್ಟಿಲ್ರಿ ಸಾಹೇಬ್ರ. ಹಗ್ಗ ನೋಡ್ರಿ, ಕಟ್ಟಿದ್ದು ಕಟ್ಟಿದಂಗ ಐತಿ.”

ಕ್ಯಾಪ್ಟನ್ ಪೊಲೀಸ್ ಹವಾಲ್ದಾರನೊಬ್ಬನನ್ನು ಕರೆದುಕೊಂಡು ಬಂದರು. ಇವನೇ ಪೆಟ್ಟಿಗೆ ಸರಿಸಿದವ ಎಂದು ನಾನೇ ದೂರಿದೆ. ಹವಾಲ್ದಾರ ಗಂಟು ನೋಡಿ ನಕ್ಕ. “ಇದು ಜ್ವಾಳದ ಕಣಕಿ ಬಂಡಿ ಕಟ್ಟೋ ಗಂಟ್ರಿ ಸಾಹೇಬ್ರ, ಮಿಲಿಟರಿ ಗಂಟಲ್ಲ. ಬಿಚ್ಚಿ ಸರಿಸಿ ತಿರಗಿ ಕಟ್ಯಾನ. ಸಿಕ್ಕಬಿದ್ದ ನೋಡ್ರಿ ಮಗ!” ಎಂದು ಇಮಾಮಸಾಬನ ರಟ್ಟೆ ಹಿಡಿದ. ವಿಜಾಪುರಕ್ಕೆ ಒಯ್ಯುವ ಮಾತಾಯಿತು. ಚೀನಾದ ಜೊತೆಗಿನ ಯುದ್ಧ ಮುಗಿದು ಎರಡು ವರ್ಷವೂ ಆಗಿರದ ಕಾಲ. ಸೇನೆಯ ವಿಮಾನಕ್ಕೆ ಕೈಹಚ್ಚಿದವ ಹೊರಗೆ ಬರುವುದು ಸುಲಭವಿರಲಿಲ್ಲ.

ನಾನೂ ಬಗ್ಗಿ ನೋಡಿದೆ. ಎಡಕ್ಕೆ ತಿರುವಿದ ಗಂಟು. ನಾನು ಎಡಚ. ಈಗ ನೆನಪಾಯಿತು. ಬೆಳಗಿನ ಅವಸರದಲ್ಲಿ ಚಾರ್ಟನ್ನೂ ಗೆರೆಯನ್ನೂ ನೋಡದೆ, ಅಪ್ಪ ಬಂಡಿಗೆ ಕಣಕಿ ಹೇರಿ ಕಟ್ಟುತ್ತಿದ್ದಂತೆಯೇ ಹೇರಿ ಕಟ್ಟಿದ್ದೆ: ದೊಡ್ಡ ಭಾರ ಗಾಲಿಯ ನೇರಕ್ಕೆ. ಬಂಡಿಗೆ ಅದು ಸರಿ. ಆದರೆ ಈ ವಿಮಾನದ ದೊಡ್ಡ ಗಾಲಿಗಳು ತೂಕದ ನಡುಬಿಂದುವಿಗಿಂತ ಹಿಂದಿವೆ, ನಿಂತಾಗ ಬಾಲ ನೆಲಕ್ಕೆ ಬೀಳದಿರಲೆಂದು. ಆಕಾಶದಲ್ಲಿ ಭಾರ ಹೊರುವುದು ಗಾಲಿಯಲ್ಲ, ರೆಕ್ಕೆ. ಇದು ತರಬೇತಿಯ ಮೊದಲ ದಿನದ ಪಾಠ.

ಸುಮ್ಮನಿದ್ದರೆ ನನ್ನ ನೌಕರಿಗೆ ಧಕ್ಕೆಯಿರಲಿಲ್ಲ. ಎಷ್ಟು ಹೊತ್ತು ಸುಮ್ಮನಿದ್ದೆನೋ ಹೇಳಲಾರೆ. ಇದ್ದದ್ದು ನಿಜ, ಇವತ್ತಿಗೂ ನಾಚಿಕೆಯಾಗುತ್ತದೆ. ಇಮಾಮಸಾಬ ತನ್ನ ಎತ್ತುಗಳ ಕಡೆ ತಿರುಗಿ, ನೆರೆದವರಿಗೆ, “ಬಿಸಲಾಗ ನಿಂತಾವು, ಯಾರಾರ ನೀರ ಕುಡಸ್ರಪಾ,” ಎಂದ. ಅಷ್ಟೇ ಅಂದದ್ದು.

“ಬಿಡ್ರಿ ಅವರನ್ನ,” ಎಂದೆ. “ಗಂಟು ನಂದು.”

ಕ್ಯಾಪ್ಟನ್ ಒಂದು ಹಗ್ಗ ಕೊಟ್ಟು ಕಟ್ಟು ಎಂದರು. ಕಟ್ಟಿ ತೋರಿಸಿದೆ. ಎರಡೂ ಗಂಟು ನೋಡಿ ಅವರು ಹವಾಲ್ದಾರನಿಗೆ, ಅವನನ್ನು ಬಿಡು ಎಂದರು.

ವಿಚಾರಣೆ ನಡೆದು ನನ್ನ ಬಡ್ತಿ ಮೂರು ವರ್ಷ ನಿಂತಿತು. ಅವತ್ತು “ಕಾಕಾ, ನಂದ ತಪ್ಪಾತು,” ಎಂದು ಕೈಮುಗಿದಾಗ ಇಮಾಮಸಾಬ ರಟ್ಟೆ ತಿಕ್ಕಿಕೊಳ್ಳುತ್ತ ಅಂದ: “ಗಂಟ ಭೇಷ್ ಕಟ್ಟತಿ ತಮ್ಮಾ. ಅದನ್ನ ಇನ್ನೊಬ್ಬರ ಕೊರಳಿಗೆ ಹಾಕಬ್ಯಾಡ.”

ಆಮೇಲೆ ಇಪ್ಪತ್ತೆರಡು ವರ್ಷ ವಿಮಾನಗಳಿಗೆ ಭಾರ ಹೇರಿದೆ. ಸಂಶಯದ ಬುದ್ಧಿ ಹೋಗಲಿಲ್ಲ, ಹೋಗುವುದೂ ಇಲ್ಲ. ಆದರೆ ಎಲ್ಲಿ ಏನು ತಪ್ಪು ಕಂಡರೂ ಮೊದಲು ಸಂಶಯಪಟ್ಟದ್ದು ನನ್ನ ಮೇಲೆಯೇ.