ಉಗುರಿನ ಮೇಲೆ ಅಂಗಿಗುಂಡಿ

ಕೈ ಶಸ್ತ್ರಚಿಕಿತ್ಸೆಯ ಡಾಕ್ಟರ್ ನಂಜುಂಡಯ್ಯನವರು ನಮಸ್ಕರಿಸಿದವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. "ಹೆಬ್ಬೆರಳಿಗೆ ಕಿರುಬೆರಳು ಮುಟ್ಸಿ, ಮಣಿಕಟ್ಟು ಬಗ್ಸಿ" ಎನ್ನುವರು. ಮಣಿಕಟ್ಟಿನ ನಡುವೆ ತಂತಿಯಂತೆ ಒಂದು ಸ್ನಾಯುರಜ್ಜು, ಅಂದರೆ ಸ್ನಾಯುವಿನ ತುದಿಯ ಹುರಿ, ಎದ್ದರೆ ಅವರಿಗೆ ಖುಷಿಯೋ ಖುಷಿ. "ದೇವ್ರು ಕೊಟ್ಟಿರೋ ಸ್ಪೇರು ಕಣಯ್ಯಾ ಇದು. ತೆಗೆದ್ರೂ ಕೈಗೇನೂ ಆಗಲ್ಲ, ರಜ್ಜು ಹರ್ದಿರೋ ಬೆರಳಿಗೆ ಹಾಕ್ಬೋದು."

ಬ್ಯಾಟರಾಯನಪುರದ ನಮ್ಮ ಮನೆಯಲ್ಲಿ ಅಕ್ಷರ ಕಂಡವನು ನಾನೊಬ್ಬನೇ. ಡಾಕ್ಟರಾಗಿ ಅವರ ಕೈಕೆಳಗೆ ಸೇರಿದ್ದು ಅರವತ್ತರ ದಶಕದಲ್ಲಿ. ಅವರ ಬೈಗುಳವೂ ನನಗೆ ಹೆಮ್ಮೆಯೇ. "ರಜ್ಜುನ ಚಿಮಟದಲ್ಲಿ ಹಿಂಡ್ಬೇಡ! ಹಿಂಡಿದ ಕಡೆ ಅಂಟ್ಕೊಳತ್ತೆ. ಆಮೇಲೆ ನಿನ್ ಹೊಲಿಗೆ ಎಷ್ಟ್ ಚೆಂದ ಇದ್ರೇನು, ಬೆರಳು ಮಡಚಲ್ಲ."

ಅದೇ ವರ್ಷ ಮೇವು ಕೊಯ್ಯುವಾಗ ಕುಡುಗೋಲು ಜಾರಿ ಅತ್ತಿಗೆಯ ಎಡಗೈ ನಡುಬೆರಳಿನ ಬುಡ ಕೊಯ್ದಿತು. ಗಾಯವೇನೋ ಮಾಯಿತು, ಒಳಗಿನ ರಜ್ಜು ತುಂಡಾಗಿ ಬೆರಳು ಮಾತ್ರ ಕೋಲಿನಂತೆ ನಿಂತಿತು. ಹಾಲು ಕರೆದು ಮಾರಿ ನನ್ನನ್ನು ಓದಿಸಿದ ಕೈ ಅದು. ಈಗ ಕೆಚ್ಚಲು ಹಿಡಿಯಲು ಆಗದು.

ಡಾಕ್ಟರು ಅತ್ತಿಗೆಯ ಮಣಿಕಟ್ಟಿನ ಆ ರಜ್ಜನ್ನೇ ತೆಗೆದು ಬೆರಳೊಳಗೆ ಹಾಯಿಸಿದರು. ತುದಿಯನ್ನು ಉಕ್ಕಿನ ಎಳೆಯಿಂದ ಮೂಳೆಗೆ ಬಿಗಿದು, ಎಳೆಯನ್ನು ಉಗುರಿನ ಮೇಲೆ ತಂದು, ಅದು ಉಗುರನ್ನು ಕೊರೆಯದಂತೆ ಒಂದು ಅಂಗಿಗುಂಡಿಗೆ ಕಟ್ಟಿದರು. ರಜ್ಜಿನ ಅಂಗೈ ಕಡೆಯ ತುದಿಯ ಹೊಲಿಗೆಗೆ ಸೂಜಿಯನ್ನು ನನ್ನ ಕೈಗೆ ಕೊಟ್ಟರು. "ಹಾಕು, ನಾನಿದೀನಿ."

ಎರಡು ದಿನ ಕಳೆದು ಅಣ್ಣ ಬಿದಿರು ದಬ್ಬೆ, ಹರಳೆಣ್ಣೆ ಹಿಡಿದು ವಾರ್ಡಿಗೆ ಬಂದ. ನಮ್ಮೂರಲ್ಲಿ ಏನು ಮುರಿದರೂ ದಬ್ಬೆ ಇಟ್ಟು ನೆಟ್ಟಗೆ ಕಟ್ಟುವುದೇ ಮದ್ದು.

"ಏನ್ಲಾ, ಕೈಯ ಇಂಗ್ ಸೊಟ್ಟಗ್ ಕಟ್ಟವ್ರೆ? ಇಂಗೇ ಕೂಡ್ಕಂಡ್ರೆ ಏನ್ಲಾ ಗತಿ? ಬಿಚ್ಚು, ನಾನ್ ಕಟ್ತೀನಿ" ಎಂದು ಪಟ್ಟಿಗೆ ಕೈ ಹಾಕಿಯೇ ಬಿಟ್ಟ.

ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. "ಯಜಮಾನ್ರೇ, ಬಾವಿ ಹಗ್ಗ ಹರಿದ್ರೆ ಗಂಟ್ ಹಾಕ್ತೀರಿ. ಗಂಟು ಬಿಗಿಯಾಗೋಕ್ ಮುಂಚೆ ಕೊಡ ಇಳಿಸ್ತೀರಾ?"

"ಇಲ್ಲ ಸ್ವಾಮಿ."

"ಇದೂ ಹಗ್ಗಾನೇ. ಬೆರಳು ಬಗ್ಗಿದ್ರೆ ಸಡಿಲವಾಗಿರತ್ತೆ. ಈಗ್ಲೇ ನೆಟ್ಟಗ್ ಮಾಡಿದ್ರೆ ನಿಮ್ ತಮ್ಮ ಹಾಕಿರೋ ಹೊಲಿಗೆ ಕಿತ್ ಬರತ್ತೆ."

"ಇವ್ನಾ ಒಲ್ದಿದ್ದು?" ಅಣ್ಣ ಕೈ ತೆಗೆದ. ದಬ್ಬೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಪಕ್ಕದ ಮಂಚದವನಿಗೆ ಹೇಳಿದ: "ನಮ್ ಉಡ್ಗನೇ ಒಲ್ದಿರಾದು."

ಗುಂಡಿ ತೆಗೆದ ಮೇಲೆ ತಿಂಗಳುಗಟ್ಟಲೆ ಅಭ್ಯಾಸ. ಬೆರಳು ಮಡಚುವ ನೋವಿಗೆ ಅತ್ತಿಗೆ ಡಾಕ್ಟರನ್ನು ಬೈದದ್ದೂ ಉಂಟು.

ನಿವೃತ್ತರಾದ ಡಾಕ್ಟರನ್ನು ನಾನು ಕೊನೆಯ ಸಲ ನೋಡಿದ್ದು ನಮ್ಮ ಕೊಟ್ಟಿಗೆಯಲ್ಲೇ. ಹೇಳದೆ ಕೇಳದೆ ಬಂದವರು ಇಸ್ತ್ರಿ ಪ್ಯಾಂಟಿನಲ್ಲೇ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಕರಿಯಮ್ಮಾ, ನೋಡೋಣ" ಎಂದರು ಹಾಲು ಕರೆಯಲು ಕೂತ ಅತ್ತಿಗೆಗೆ. ನಡುಬೆರಳು ಮಿಕ್ಕವುಗಳ ಜೊತೆಗೇ ಮಡಚಿತು, ಬಿಚ್ಚಿತು. ತಂಬಿಗೆಯಲ್ಲಿ ನೊರೆ ಎದ್ದಿತು.

"ತುದಿ ಇನ್ನೂ ಒಂಚೂರು ಮಡಚಲ್ಲ" ಎಂದು ಗೊಣಗಿದರು.

"ಅಸೂಗ್ ಗೊತ್ತಾಗಿಲ್ಲ ಬುಡಿ ಸ್ವಾಮಿ" ಎಂದಳು ಅತ್ತಿಗೆ.

ಮರುವರ್ಷ ಅವರು ತೀರಿಕೊಂಡರು. ಸುದ್ದಿ ಹೇಳಲು ನಾನು ಹೋದಾಗ ಅತ್ತಿಗೆ ಹಾಲು ಕರೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಕೊನೆಯ ಹನಿಯವರೆಗೂ ಕರೆದು, ತಂಬಿಗೆಗೆ ಸೆರಗು ಮುಚ್ಚಿ ಎದ್ದಳು.

"ಇವತ್ತು ಮಾರಾದ್ ಬ್ಯಾಡ. ನಡೀಪ್ಪ, ಅವ್ರ್ ಮನೇಗ್ ಕೊಟ್ ಬರನ."