ಅತ್ತೆಯ ಚಂಚಿ, ಮರುಳಸಿದ್ಧನ ಎಣ್ಣೆ

ನಮ್ಮ ಅತ್ತೆ ಸಿದ್ದಮ್ಮನವರು ರೊಟ್ಟಿ ಬಿಟ್ಟದ್ದು 2002ರ ಶ್ರಾವಣದಲ್ಲಿ. ಮೊದಲು ಕೆಂಪು ಚಟ್ನಿ ಉರಿಯುತ್ತದೆ ಎಂದರು. ಆಮೇಲೆ ರೊಟ್ಟಿಯ ಅಂಚು ಚುಚ್ಚುತ್ತದೆ ಎಂದರು. ಕಡೆಗೆ ಮಜ್ಜಿಗೆ ಅನ್ನಕ್ಕೆ ಬಂದು ನಿಂತರು. ಎಡಗೆನ್ನೆಯ ಒಳಗೆ, ಕೆಳದವಡೆಯ ಪಕ್ಕದಲ್ಲಿ ಒಂದು ಹುಣ್ಣು, ಅದರ ಸುತ್ತ ಬಿಳಿ ಪೊರೆ. ಬಂಧುಗಳೇ, ಅದನ್ನು ದಿನವೂ ನೋಡಿದವಳು ನಾನು. ನೋಡಿದಷ್ಟನ್ನೇ ಬರೆಯುತ್ತೇನೆ.

ನಮ್ಮ ಊರು ಕೊಟ್ಟೂರು, ಯಜಮಾನರದು ಕಿರಾಣಿ ಅಂಗಡಿ, ಮನೆದೇವರು ಉಜ್ಜಿನಿಯ ಮರುಳಸಿದ್ಧೇಶ್ವರ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ನಾವು ಹೋಗುವುದು ಪೇಟೆಯ ಒಬ್ಬರೇ ಡಾಕ್ಟರ ಹತ್ತಿರ. ಅವರ ಕೈಗುಣ ಒಳ್ಳೆಯದು. ಅವರು ಅತ್ತೆಯ ಬಾಯಿ ನೋಡಿ, "ಏನಾದರೂ ಚಟ ಇದೆಯೇನು?" ಎಂದು ಕೇಳಿದರು.

ಯಜಮಾನರು ಎದೆ ಮುಂದೆ ಮಾಡಿ ಹೇಳಿದರು: "ಛೇ ಛೇ, ನಮ್ಮವ್ವಗ ಯಾವ ಚಟಾನೂ ಇಲ್ರಿ. ಚಾ ಸೈತ ಕುಡಿಯಂಗಿಲ್ಲ."

ಅದು ಸುಳ್ಳಲ್ಲ. ನಮ್ಮ ಕಡೆ ಚಟ ಎಂದರೆ ಬೀಡಿ, ಸೆರೆ, ಗುಟ್ಕಾ. ಊಟದ ನಂತರ ಎಲೆ, ಅಡಿಕೆ, ಸುಣ್ಣ, ಒಂದು ಚಿಟಿಕೆ ತಂಬಾಕು ಹಾಕಿಕೊಳ್ಳುವುದನ್ನು ಚಟ ಎಂದು ಯಾರು ಕರೆದಾರು? ಬಂದವರಿಗೆ ಅದನ್ನು ಕೊಡದಿದ್ದರೆ ಮನೆಯ ಮರ್ಯಾದೆ ಹೋಗುತ್ತದೆ. ಅತ್ತೆ ತಮ್ಮ ಎಲೆ-ಅಡಿಕೆಯ ಚೀಲವನ್ನು, ಅಂದರೆ ಚಂಚಿಯನ್ನು, ಮದುವೆಯಾದಾಗಿನಿಂದ ಸೊಂಟದಲ್ಲಿ ಸಿಕ್ಕಿಸಿಕೊಂಡವರು. ರಾತ್ರಿ ಮಲಗುವಾಗಲೂ ದವಡೆಯ ಸಂದಿಯಲ್ಲಿ ತಂಬಾಕು ಇರುತ್ತಿತ್ತು.

ಡಾಕ್ಟರು ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚಲು ಮುಲಾಮು ಕೊಟ್ಟರು. ಮಾಯಲಿಲ್ಲ. ಉಷ್ಣ ಎಂದರು, ಹಲ್ಲು ತಾಗುತ್ತಿದೆ ಎಂದರು. ದಸರೆ ಕಳೆಯಿತು. ಅತ್ತೆಯ ಬಳೆ ಮೊಣಕೈವರೆಗೆ ಜಾರತೊಡಗಿತು. ಪ್ರತಿ ಸೋಮವಾರ ಕಾಯಕದಂತೆ ಹಾಡುತ್ತಿದ್ದ ಮಂಗಳಾರತಿಯ ಪದವನ್ನು ನಿಲ್ಲಿಸಿ, "ನೀನ ಹಾಡವ್ವಾ" ಎಂದು ನನಗೆ ಕೈಸನ್ನೆ ಮಾಡಿದರು. ಅಂದು ನನಗೆ ಹೆದರಿಕೆ ಹುಟ್ಟಿತು.

ಕಾರ್ತಿಕದ ಮೊದಲ ವಾರ ಬೆಳಗಿನ ಬಸ್ಸಿಗೆ ಒಬ್ಬಳೇ ಉಜ್ಜಿನಿಗೆ ಹೋದೆ. ವೈಶಾಖದಲ್ಲಿ ಭಕ್ತರು ತಂದ ಎಣ್ಣೆಯನ್ನು ಆ ಗುಡಿಯ ಶಿಖರಕ್ಕೆ ಎರೆಯುವುದು ನಿಮಗೆ ಗೊತ್ತೇ ಇದೆ. ಗರ್ಭಗುಡಿಯ ಎದುರು ನಿಂತು, "ಸಿದ್ಧಯ್ಯಾ, ಈ ಹುಣ್ಣು ಮಾಯಿಸು. ನಿನ್ನ ಶಿಖರಕ್ಕೆ ಅವರ ಕೈಯಿಂದಲೇ ಎಣ್ಣೆ ತರಿಸುತ್ತೇನೆ" ಎಂದೆ. ಮನೆಗೆ ಬಂದು ನೋಡಿದರೆ ಹುಣ್ಣು ಇನ್ನಷ್ಟು ಅಗಲವಾಗಿತ್ತು. ಆ ರಾತ್ರಿ ದೇವರ ಮುಂದೆ ದೀಪ ಹಚ್ಚಲಿಲ್ಲ.

ಮುಂದಿನ ಸೋಮವಾರ ಅವರನ್ನು ಕರೆದುಕೊಂಡು ಹೋದರೆ ನಮ್ಮ ಡಾಕ್ಟರ ದವಾಖಾನೆಗೆ ಬೀಗ. ಮಗಳ ನಿಶ್ಚಯವಂತೆ. ಮನೆಗೆ ತಿರುಗುವುದರಲ್ಲಿದ್ದೆವು. ಅತ್ತೆಯೇ, "ಬಂದದ್ದು ಬಂದೇವಿ, ಸರ್ಕಾರಿ ದವಾಖಾನಿಗಾದ್ರೂ ಹೋಗಾಣ ನಡಿ" ಎಂದರು.

ಅಲ್ಲಿ ಹೊಸದಾಗಿ ಬಂದ ಡಾಕ್ಟರಮ್ಮ ಇದ್ದರು, ಚಿಕ್ಕ ವಯಸ್ಸು. ಚಟದ ಮಾತನ್ನೇ ಅವರು ಎತ್ತಲಿಲ್ಲ.

"ಅಜ್ಜೀ, ಊಟ ಆದಮೇಲೆ ಬಾಯಿಗೆ ಏನು ಹಾಕ್ಕೊಂತೀರಿ?"

ಅತ್ತೆಯ ಮುಖ ಅರಳಿತು. ಸೊಂಟದಿಂದ ಚಂಚಿ ತೆಗೆದು ಮೇಜಿನ ಮೇಲೆ ಬಿಚ್ಚಿದರು. "ನಿನಗೂ ಒಂದೆಲಿ ಮಡಚಿ ಕೊಡ್ಲೇನವ್ವಾ?"

ಡಾಕ್ಟರಮ್ಮ ನಕ್ಕರು. "ಬ್ಯಾಡಜ್ಜೀ. ತಂಬಾಕು ಯಾವ ಕಡೆ ಇಟ್ಕೊಂತೀರಿ?"

"ಎಡಕ್ಕ. ಬಲಕ್ಕ ಹಲ್ಲೆಲ್ಲಿ ಅದಾವು?"

ಅವರ ನಗು ನಿಂತಿತು. ಕೈಗವಸು ಹಾಕಿಕೊಂಡು, ಟಾರ್ಚ್ ಹಿಡಿದು, ಬೆರಳಿನಿಂದ ಹುಣ್ಣಿನ ಅಂಚನ್ನು ಒತ್ತಿ ನೋಡಿದರು. ನಾಲಿಗೆ ಎತ್ತಿಸಿ ಕೆಳಗೆ ನೋಡಿದರು. ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗಂಟಿದೆಯೇ ಎಂದು ಮುಟ್ಟಿದರು. ಇಷ್ಟು ತಿಂಗಳಲ್ಲಿ ಯಾರೂ ಅಲ್ಲಿ ಕೈಯಿಟ್ಟಿರಲಿಲ್ಲ. ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು: "ಮೂರು ವಾರದಾಗ ಮಾಯದ ಹುಣ್ಣನ್ನ ಮುಲಾಮು ಹಚ್ಚಿ ಕಾಯಬಾರದ್ರಿ. ಅಂಚು ಗಟ್ಟಿ ಐತಿ. ಕ್ಯಾನ್ಸರ್ ಇರಬಹುದು. ಕುತ್ತಿಗಿಯಾಗ ಗಂಟಿಲ್ಲ, ಅದೊಂದು ಧೈರ್ಯ. ಇವತ್ತೇ ಚೀಟಿ ಕೊಡ್ತೀನಿ, ಹುಬ್ಬಳ್ಳಿಗೆ ಹೋಗ್ರಿ."

ಹಡಗಲಿ, ಮುಂಡರಗಿ, ಗದಗ ದಾಟಿ ಹೋದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಸರಳು ಹಿಡಿದೇ ಕೂತಿದ್ದರು. ಅಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಅಂದದ್ದೇ ನಿಜವಾಯಿತು. ಆದರೆ ಬೇಗ ಬಂದಿದ್ದೀರಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಶಸ್ತ್ರಕ್ರಿಯೆಗೆ ಒಳಗೆ ಒಯ್ಯುವಾಗ ಯಜಮಾನರು ಗೋಡೆಗೆ ಮುಖ ಮಾಡಿ ಅತ್ತರು. ಅತ್ತೆ ಮಾತ್ರ ಚಂಚಿಯನ್ನು ನನ್ನ ಕೈಗೆ ಕೊಟ್ಟು, "ಇದನ್ನ ತೊಳದಿಡು. ಒಳಗಿಂದೆಲ್ಲಾ ಚೆಲ್ಲು" ಎಂದರು. ಐವತ್ತು ವರ್ಷದ ಸಂಗಾತಿಯನ್ನು ಒಂದೇ ಮಾತಿಗೆ ಬಿಟ್ಟ ಆ ಹೆಂಗಸಿನ ಸೊಸೆ ನಾನು ಎಂದು ಇವತ್ತಿಗೂ ಹೆಮ್ಮೆ.

ಊರಿಗೆ ಬಂದ ಮೇಲೆ ನಮ್ಮ ಹಳೆಯ ಡಾಕ್ಟರು ಮನೆಗೇ ಬಂದರು. ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದರು. "ಅಮ್ಮಾ, ನಾನು ಕೇಳಿದ್ದು ಸಾಲದಾಯಿತು" ಎಂದರು.

"ಕೇಳಿದ್ದೂ ಖರೆ, ನನ್ನ ಮಗ ಹೇಳಿದ್ದೂ ಖರೆ ಬಿಡ್ರಿ" ಎಂದು ಅತ್ತೆ ಸೊಟ್ಟ ಬಾಯಲ್ಲೇ ನಕ್ಕರು. "ಇನ್ನು ಮ್ಯಾಲ ಚಂಚಿ ತೋರ್ಸು ಅಂತ ಕೇಳ್ರಿ."

ಅವರು ಈಗ ಹಾಗೆಯೇ ಕೇಳುತ್ತಾರೆ. ಹುಣ್ಣೆಂದು ಬಂದವರ ದವಡೆಯ ಕೆಳಗೂ ಮುಟ್ಟಿ ನೋಡುತ್ತಾರೆ. ಇದನ್ನು ದವಾಖಾನೆಯ ಬೆಂಚಿನ ಮೇಲೆ ಕೂತು ನಾನೇ ಕಂಡಿದ್ದೇನೆ.

ಆ ಸೋಮವಾರ ಬೀಗ ಬಿದ್ದದ್ದು ಆಕಸ್ಮಿಕ ಎನ್ನುವವರಿದ್ದಾರೆ. ನಾನು ವಾದ ಮಾಡುವುದಿಲ್ಲ. ಹುಣ್ಣು ಮಾಯಿಸು ಎಂದು ಕೇಳಿದವಳಿಗೆ, ಅದು ಏನೆಂದು ತಿಳಿದವರ ಬಾಗಿಲನ್ನು ಸಿದ್ಧಯ್ಯ ತೋರಿಸಿದ. ನನ್ನ ಮಟ್ಟಿಗೆ ಅಷ್ಟೇ ಲೆಕ್ಕ.

ವೈಶಾಖದಲ್ಲಿ ಅತ್ತೆ ಎಣ್ಣೆಯ ಕೊಡವನ್ನು ತಾವೇ ಹಿಡಿದು ಉಜ್ಜಿನಿಗೆ ಬಂದರು. ಗುಡಿಯ ನೆರಳಿನಲ್ಲಿ ಕೂತಾಗ, ಕೂಡ್ಲಿಗಿ ಕಡೆಯ ಒಬ್ಬ ಅಜ್ಜಿ ತನ್ನ ಚಂಚಿ ಬಿಚ್ಚಿ, "ತಗಾಳವ್ವಾ" ಎಂದು ಎಲೆ ನೀಡಿದಳು. ಅತ್ತೆ ಎಲೆ ಮುಟ್ಟಲಿಲ್ಲ. ಅವಳ ಗದ್ದ ಹಿಡಿದು, "ಮೊದ್ಲು ಬಾಯಿ ತೆಗಿ, ನೋಡಾಣ" ಎಂದರು.

"ಅಯ್ಯ ನಿನ್ನ! ನೀನೇನು ಡಾಕ್ಟ್ರೇನು?"

"ಡಾಕ್ಟ್ರಿಗೆ ಹೇಳಿಕೊಟ್ಟಾಕಿ" ಎಂದು ಅತ್ತೆ ಅವಳ ಮುಖವನ್ನು ಬಿಸಿಲಿಗೆ ತಿರುಗಿಸಿದರು.

ಆ ಹೊತ್ತಿಗೆ ಶಿಖರದ ಮೇಲೆ ಎಣ್ಣೆ ಇಳಿಯತೊಡಗಿತ್ತು. ಅತ್ತೆ ಎದ್ದು ನಿಂತು, ಎಳೆದು ಹಿಡಿದಂತಿದ್ದ ಎಡಗೆನ್ನೆಯಿಂದಲೇ, ದಸರೆಯ ನಂತರ ನಿಲ್ಲಿಸಿದ್ದ ಮಂಗಳಾರತಿಯ ಪದವನ್ನು ಪೂರ್ತಿ ಹಾಡಿದರು. ನಾನು ಪಕ್ಕದಲ್ಲಿ ನಿಂತು ಕೇಳಿದೆ. ಚಂಚಿ ಈಗಲೂ ಅವರ ಸೊಂಟದಲ್ಲಿದೆ. ಅದರೊಳಗೆ ಉಜ್ಜಿನಿಯ ವಿಭೂತಿ ಇದೆ.